ಬಿಡಿ, ಬೀಡಿ, ಬಿರಿ

ಕೊಣಾಜೆಯ ಲೈಬ್ರರಿ, ಎರಡನೇ ಮಾಳಿಗೆ,
ಕಿಟಕಿ ಪಕ್ಕದ ಕಂಪ್ಯೂಟರು.
ಬೀಡಿ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಹನ್ನೊಂದು ಲೇಖನ.
ಏಳು ಸೇದುವವರ ಬಗ್ಗೆ, ನಾಲ್ಕು ತೆರಿಗೆ.
ಕಟ್ಟುವವರು ಒಬ್ಬರೂ ಇಲ್ಲ.

ಸೆವ್ರಿನ್ ಮೇಡಂ ಕನ್ನಡಕ ಹಣೆಗೇರಿಸಿ
ಕುರ್ಚಿ ಎಳೆದು ಕೂತರು:
"ಇಂಗ್ಲಿಷಿಗೆ ನಮ್ಮ ದೀರ್ಘ ಗೊತ್ತಿಲ್ಲ ಮಾರಾಯ್ತಿ.
ಒಬ್ಬ ಬಿಡಿ ಅಂತ ಬರೆದ, ಇನ್ನೊಬ್ಬ ಬೀಡಿ,
ಬಂಗಾಳದವ ಬಿರಿ. ನಡುನಡುವೆ
ಒಂದೊಂದು 'ಅಥವಾ' ಹಾಕಿ ನೋಡು."

ಬಿಡಿ ಅಥವಾ ಬೀಡಿ ಅಥವಾ ಬಿರಿ.

ಮೊದಲನೆಯದು, ಬ್ರಾಂಚಿನ ಚೆಕ್ಕರ್
ಉಮ್ಮನಿಗೆ ಹೇಳುತ್ತಿದ್ದ ಮಾತು,
ಕಟ್ಟಿನ ಮೇಲೆ ಕಟ್ಟು ಬದಿಗೆಸೆದು:
"ಬಿಡಿ, ಇದು ಆಗುದಿಲ್ಲ."
ಕೊನೆಯದು, ಸೆಕೆಗಾಲದಲ್ಲಿ
ಅವಳ ಹೆಬ್ಬೆರಳು ಮಾಡುತ್ತಿದ್ದದ್ದು.

ಈಗ ನಾನೂರ ಆರು.
ಹೆಂಗಸರು, ಶ್ವಾಸಕೋಶ, ಕರಾವಳಿ ಎಂದು ಸೋಸಿದೆ.
ಒಂಬತ್ತು ಉಳಿಯಿತು. ಒಂದು ನಮ್ಮ ಕಿನ್ಯದ್ದೇ!
ಸಾರಾಂಶ ಧರ್ಮಕ್ಕೆ,
ಉಳಿದದ್ದಕ್ಕೆ ಮೂವತ್ತೊಂಬತ್ತು ಡಾಲರು.
ಮೇಡಂ ಯಾವುದೋ ಊರಿನ ಲೈಬ್ರರಿಗೆ ಬರೆದರು.
ಶನಿವಾರ ಬಂತು.

ರಾತ್ರಿ ಗಂಜಿ ಆದ ಮೇಲೆ ಉಮ್ಮನಿಗೆ ಓದಿ ಹೇಳಿದೆ,
ನೂರ ಎಂಬತ್ತು ಹೆಂಗಸರು, ಊದಿದ ಉಸಿರಿನ ಅಳತೆ.
"ಹೌದಲ್ಲ, ಒಬ್ಬಳು ಹುಡುಗಿ ಬಂದಿದ್ದಳು,
ಕೊಳವೆ ಕೊಟ್ಟು ಊದಿ ಅಂದಳು.
ಮೂರನೇ ಸಲ ನನಗೆ ನಗು ಬಂತು,
ನಗುವಿನ ಹಿಂದೆ ಕೆಮ್ಮು. ತುಂಬ ಹೊತ್ತು.
ಪಾಪ, ಕಾದಳು.
ಅದನ್ನು ಬರೆದಿದ್ದಾಳಾ?"

ನಾಲ್ಕನೇ ಕೋಷ್ಟಕದ ಅಡಿಯಲ್ಲಿ
ಇರುವೆಯಷ್ಟು ಅಕ್ಷರ:
ಒಬ್ಬರ ಅಳತೆ ಸರಿಯಾಗಿ ದೊರೆಯದ ಕಾರಣ
ಕೈಬಿಡಲಾಗಿದೆ.