ಮೀನಿನ ಹರಿವಾಣ

ಮಾರಿಕುಪ್ಪಂ ರೈಲಿಳಿದು ಅಮಲೋರ್ಪವಂ ಬಂದಳು,
ಕಂಕುಳಲ್ಲಿ ಹಳೇ ಟವೆಲಿನ ಗಂಟು.
ಬಂಗಾರಪೇಟೆಯ ಪಾತ್ರೆ ಬೀದಿಯಲ್ಲಿ
ಮೂರಂಗಡಿ ದಾಟಿ ನನ್ನದಕ್ಕೇ ಬಂದದ್ದು
ನನ್ನ ತಕ್ಕಡಿ ಸುಳ್ಳು ಹೇಳದು ಎಂದಲ್ಲ,
ಇಲ್ಲಿ ಮಾತ್ರ ಕುರ್ಚಿ ಇದೆ, ಅವಳಿಗೆ ಮಂಡಿನೋವು.

"ತಾಮ್ರ ಕಿಲೋಗೆ ಎಷ್ಟು?"
ಹೇಳಿದೆ.
ಗಂಟು ಬಿಚ್ಚಿದಳು.

ಮೊರದಗಲದ ಹರಿವಾಣ. ಕಪ್ಪು ಹಿಡಿದಿದೆ.
ಹುಣಸೆಹಣ್ಣು ಕಾಣದೆ ಎಷ್ಟು ವರ್ಷವೋ.
ಹೆಬ್ಬೆರಳಿಗೆ ಎಂಜಲು ಹಚ್ಚಿ ಅಂಚನ್ನುಜ್ಜಿದರೆ
ಒಂದು ಕಣ್ಣು.
ಇನ್ನಷ್ಟು ಉಜ್ಜಿದರೆ ಕಿವಿರು, ಬಾಲ,
ಆ ಬಾಲಕ್ಕೆ ಮೂತಿಯೊಡ್ಡಿ ಇನ್ನೊಂದು.
ಒಟ್ಟು ನಾಲ್ಕು ಮೀನು
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇವೆ.

ಅವಳಜ್ಜಿ ಊರಿಗಾಂ ಬಂಗಲೆಯಲ್ಲಿ ಆಯಾ.
ದೊರೆ ಗಣಿಯ ಕ್ಯಾಪ್ಟನ್ನು, ಯಾವುದೋ ಕಡಲಂಚಿನವನು,
ತವರಿನಲ್ಲಿ ತವರ ಅಗೆದು ಸಾಲದೆ
ಇಲ್ಲಿ ಚಿನ್ನ ಅಗೆಸಲು ಬಂದವನು.
ಹೊರಡುವಾಗ ಪಿಯಾನೋ ಹರಾಜಿಗೆ, ಕುದುರೆ ಕ್ಲಬ್ಬಿಗೆ,
ಹರಿವಾಣ ಆಯಾಳ ಕೈಗೆ.
"ಸಂಬಳ ಬಾಕಿ ಇತ್ತಂತೆ" ಎಂದಳು ಅಮಲೋರ್ಪವಂ.
ಲೈನ್ ಮನೆಯಲ್ಲಿ ಅದರ ಮೇಲೆ ವಡಗಂ ಒಣಗಿತು,
ಸೋರುವ ತಗಡಿನ ಕೆಳಗೆ ಕೂತಿತು,
ಕೊನೆಗೆ ಹೆಗ್ಗಣದ ಬಿಲಕ್ಕೆ ಮುಚ್ಚಳ.

ನಾನು ಕಂಚುಗಾರ. ಓದು ಏಳನೇ ಕ್ಲಾಸು.
ಸುತ್ತಿಗೆ ಬರೆದದ್ದನ್ನು ಮಾತ್ರ ಓದಬಲ್ಲೆ.
ಅಚ್ಚಿನಲ್ಲಿ ಒತ್ತಿದ್ದಲ್ಲ ಇದು;
ಅರಗಿನ ಮೇಲೆ ಬೋರಲು ಮಲಗಿಸಿ
ಹಿಂದಿನಿಂದ ಉಬ್ಬಿಸಿ, ಮುಂದಿನಿಂದ ತಗ್ಗಿಸಿದ್ದು.
ಏಟೆಲ್ಲ ಒಂದೇ ಕಡೆಗೆ ವಾಲಿವೆ: ಎಡಚ.
ಮೂರನೇ ಮೀನಿನ ಬೆನ್ನ ಬಳಿ ಒಂದೇಟು ಜಾರಿದೆ,
ಸೀನಿದನೋ, ಯಾರಾದರೂ ಬಾಗಿಲು ದೂಡಿದರೋ;
ಅದನ್ನೊಂದು ನೀರಗುಳ್ಳೆ ಮಾಡಿ
ತಪ್ಪು ಮುಚ್ಚಿದ್ದಾನೆ, ಕಳ್ಳ.
ನಾವೂ ಮಾಡುವುದು ಅದನ್ನೇ.

ಮತ್ತೆ ಈ ಬಾಯಿ.
ಸಂತೆಯಲ್ಲಿ ನೋಡಿ ಬರೆದ ಬಾಯಲ್ಲ,
ಬಲೆಯಿಂದ ಬಿಡಿಸುವಾಗ ಬೆರಳು ಕಂಡ ಬಾಯಿ.
ಬೆಸ್ತರವನೇ ಇರಬೇಕು,
ಗಾಳಿ ಕೆರಳಿ ದೋಣಿ ದಡಹತ್ತಿದ ದಿನಗಳಲ್ಲಿ
ಕೈ ಸುಮ್ಮನಿರದೆ ಬಡಿದಿರಬೇಕು.

ಮಗುಚಿದೆ.
ಹಿಂಬದಿಗೆ ಬೆರಳಗಲದ ತೇಪೆ.
ಐದು ರಿವೆಟ್ಟು. ಆರನೆಯದಕ್ಕೆ ತೂತು ಮಾತ್ರ.
ನಮ್ಮಜ್ಜ ಕಾಳಾಚಾರಿ ಯಾವ ಕೆಲಸವನ್ನೂ
ಪೂರ್ತಿ ಮುಗಿಸುತ್ತಿರಲಿಲ್ಲ.
"ಪೂರ್ತಿ ಮಾಡೋನು ಮೇಲವ್ನೆ, ನಮ್ದು ಒಂದು ಕಮ್ಮಿ."
ಅಜ್ಜಿ ಅದಕ್ಕೆ ಸೋಮಾರಿತನ ಅನ್ನುತ್ತಿದ್ದಳು.
ಇದು ಅವನದೇ ಎಂದು ಕರ್ಪೂರ ಹಚ್ಚಿ ಆಣೆಯಿಡಲಾರೆ;
ತೂತು ಬಿಟ್ಟು ಹೋದವರು ಎಷ್ಟೋ ಮಂದಿ.
ಆದರೆ ಬೆರಳು ಅಲ್ಲೇ ನಿಂತಿತು.

ತಕ್ಕಡಿಗಿಟ್ಟೆ. ಎರಡು ಕಿಲೋ ಮುನ್ನೂರು.
ಲೆಕ್ಕ ಹೇಳಿದೆ. ಇದು ಗುಜರಿಯ ಲೆಕ್ಕ ಎಂದೂ,
ಹಳೇ ಸಾಮಾನು ಬಲ್ಲವರ ಲೆಕ್ಕ ಬೇರೆ ಎಂದೂ
ಹೇಳಿ ನಾಲಿಗೆ ಕಚ್ಚಿಕೊಂಡೆ.
ಅವಳು ಕೂತಲ್ಲೇ ಮೀನನ್ನು ನೋಡಿದಳು.
"ಇದರೊಳಗೆ ಇವು ಇದ್ದದ್ದೇ ಗೊತ್ತಿಲ್ಲ."
ಐದೂವರೆಯ ರೈಲಿಗೆ ಎದ್ದಳು, ಗಂಟು ಮತ್ತೆ ಕಂಕುಳಿಗೆ,
ಕುಡಿದ ಟೀಗೆ ಕಾಸು ಕೊಡಲು ಬಂದಳು.

ಆ ರಾತ್ರಿ ಒಂದು ಬಿಂದಿಗೆಯ ಹೊಟ್ಟೆಯ ಮೇಲೆ
ಮೀನೆಬ್ಬಿಸಲು ಕೂತೆ.
ಕಡಲು ಕಂಡವನಲ್ಲ ನಾನು,
ಎದ್ದು ಬಂದದ್ದು ಬೇತಮಂಗಲ ಕೆರೆಯದ್ದು:
ಮೀಸೆ, ದಪ್ಪ ತಲೆ, ಕೆಸರಿನ ಗತ್ತು.
ಕಣ್ಣು ಕೊರೆಯಲಿಲ್ಲ. ಹಾಗೇ ಬಿಟ್ಟೆ.

ನಿನ್ನೆ ಮದುವೆ ಸಾಮಾನಿಗೆ ಬಂದ ಹೆಂಗಸು
ಬಿಂದಿಗೆ ತಿರುಗಿಸಿ ತಿರುಗಿಸಿ ನೋಡಿ
"ಇದೇನು, ಕುರುಡು ಮೀನು?" ಎಂದಳು.
ಅಜ್ಜನ ಮಾತು ಹೇಳಿದೆ.
ಪೂರ್ತಿ ಕೇಳಿಸಿಕೊಂಡು,
"ಹಾಗಾದ್ರೆ ಐವತ್ತು ಕಮ್ಮಿ ಮಾಡ್ಕೊಳ್ಳಿ."