ಕೊಡೆ ಇಳಿಯುವ ಮೊದಲು

ಧಕ್ಕೆಯಲ್ಲಿ ಬಂಗುಡೆಯ ಲೆಕ್ಕ ಬರೆದು ಮುಗಿಸಿ
ಐದೂಕಾಲರ ದೋಣಿಯಲ್ಲಿ ಬೆಂಗ್ರೆಗೆ ದಾಟಿದರೆ
ಲೋಕಯ್ಯ ಮಾವ ಜಗಲಿಯ ಆ ತುದಿಯಲ್ಲಿ
ದೋಸೆಕಾವಲಿ ಕವುಚಿ, ಅದರ ಮೇಲೆ
ಗೇಣುದ್ದದ ಮರದ ಹಡಗಿಟ್ಟು ಕಾಯುತ್ತಿದ್ದ.
ನನ್ನ ಕೈಗೆ ದುರ್ಬೀನು, ಅದೂ ಹಿಂದುಮುಂದಾಗಿ:
ಹನ್ನೆರಡು ಹೆಜ್ಜೆಯ ಹಡಗು
ದಿಗಂತಕ್ಕೆ ಸರಿಯಬೇಕು.
ನಡುವೆ ಅವನ ಕಪ್ಪು ಕೊಡೆ.

ಎತ್ತಿದ.
ಒಂದು, ಎರಡು, ಮೂರು, ನಾಲ್ಕು.
ಇಳಿಸಿದ.
"ಹೇಳು. ಎಡವಾ ಬಲವಾ? ಎಷ್ಟು ಡಿಗ್ರಿ?"

ನಿನ್ನ ಎಡಬಲ ಅಲ್ಲ, ಹಡಗಿನದು.
ಅದರ ಮೂತಿಯಲ್ಲಿ ನೀನೇ ನಿಂತು ನಿನ್ನನ್ನು ನೋಡಿದರೆ
ನೀನು ಯಾವ ಮಗ್ಗುಲಲ್ಲಿ, ಎಷ್ಟು ಓರೆಯಲ್ಲಿ?
"ಬಲ, ಮೂವತ್ತು" ಅಂದೆ.
"ಮುಳುಗಿತು ಮಾರಾಯ್ತಿ."
ಯಾವುದು?
"ನಾವು."

ಹಡಗು ನೋಡಬೇಡ, ಅದರ ಎರಡು ಕಂಬ ನೋಡು.
ಬಟ್ಟೆಹಗ್ಗದ ಗೂಟಗಳ ಹಾಗೆ ದೂರ ದೂರ ನಿಂತರೆ
ಪಕ್ಕೆ ತೋರಿಸಿಕೊಂಡು ಹೋಗುತ್ತಿದೆ.
ಹತ್ತಿರವಾದರೆ ಓರೆ.
ಒಂದರ ಬೆನ್ನಿಗೊಂದು ಅಡಗಿದರೆ...
ಅಲ್ಲಿ ನಿಲ್ಲಿಸಿ ವೀಳ್ಯದೆಲೆ ಮಡಚಿದ.

ಹೊಗೆ ನಂಬಬೇಡ, ಅದು ಗಾಳಿಯ ಕಡೆಯ ಸಾಕ್ಷಿ.
ಬಣ್ಣವನ್ನೂ ನಂಬಬೇಡ.
ಹಿಂದೊಂದು ಯುದ್ಧದಲ್ಲಿ ಹಡಗುಗಳ ಮೈಗೆ
ಹುಲಿವೇಷದ ಪಟ್ಟೆ ಬಳಿದಿದ್ದರಂತೆ:
ಅಡಗಲಿಕ್ಕಲ್ಲ,
ತಲೆ ಯಾವ ಕಡೆಗೆಂದೇ ತಿಳಿಯಬಾರದೆಂದು.
ಅರವತ್ತರ ಹಡಗಿಗೂ ನೂರಿಪ್ಪತ್ತರ ಹಡಗಿಗೂ
ಕಾಣುವ ಉದ್ದ ಒಂದೇ;
ಒಂದು ಬರುವುದು, ಒಂದು ಹೋಗುವುದು.
ಮೂತಿಯ ನೊರೆಮೀಸೆ ಹುಡುಕು.
ತೊಂಬತ್ತರ ಆಸುಪಾಸಿನಲ್ಲಿ ಕಣ್ಣೇ ಸುಳ್ಳುಗಾರ,
ಎಂಬತ್ತೂ ಹಾಗೇ, ನೂರೂ ಹಾಗೇ.
ದೀಪ ಹಚ್ಚುವ ಕಾಲದಲ್ಲಾದರೆ ರಾತ್ರಿಯೇ ಸುಲಭ:
ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸುರು.
ಒಂದೇ ಕಂಡರೆ ಬದುಕಿದೆ.

ಇಪ್ಪತ್ತೆರಡು ವರ್ಷ ಸಬ್‌ಮರೀನಿನಲ್ಲಿದ್ದವ
ನೀರಡಿಯಿಂದ ಒಂದು ಹಡಗನ್ನೂ ಕಂಡವನಲ್ಲ.
ಪೆರಿಸ್ಕೋಪು ಕ್ಯಾಪ್ಟನ್ನಿನ ಕಣ್ಣಿಗೆ;
ಇವನ ಕಿವಿಗೆ ಬರೀ ಅಂಕೆ.
"ಬಲಕ್ಕೆ ನಲವತ್ತು" ಎಂದು ಅವರು ಕೂಗಿದರೆ
ಡೀಸೆಲ್ ನಾತದ ಕೆಂಪು ಬೆಳಕಿನಲ್ಲಿ
ಮುಳ್ಳು ತಿರುಗಿಸಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ,
ಹಡಗು ಈಗ ಇರುವಲ್ಲಿಗಲ್ಲ,
ಇನ್ನೆರಡು ನಿಮಿಷಕ್ಕೆ ಅದು ಇರಬಹುದಾದ
ಖಾಲಿ ನೀರಿಗೆ.

ಒಮ್ಮೆ ಅಭ್ಯಾಸದ ಟಾರ್ಪೆಡೊ.
ಮದ್ದಿಲ್ಲ, ತಲೆಯೊಳಗೆ ಬರೀ ನೀರು.
ಲೆಕ್ಕ ಕೂಡಿತು. ಗುರಿಹಡಗಿನ ಹೊಟ್ಟೆಯಡಿ ನುಸುಳಿ
ಆಚೆ ಎಲ್ಲೋ ಎದ್ದು ತೇಲಿತು ಕಿತ್ತಳೆ ಬಣ್ಣದ ತಲೆ.
ಎಲ್ಲರಿಗೂ ಎರಡೆರಡು ಚಾ.
ತಿಂಗಳ ಮೇಲೆ ತಮ್ಮ ದೇಜುವಿನ ಕಾರ್ಡು ಬಂತು:
ಅವತ್ತು ಆ ಹಡಗಿನ ಅಡಿಗೆಕೋಣೆಯಲ್ಲಿ ಅವನಿದ್ದ.
ನಮ್ಮಡಿಯಿಂದ ಏನೋ ಹೋಯಿತಂತೆ, ನನಗೆ ಗೊತ್ತಾಗಲಿಲ್ಲ.

ನೀನೇನು ಬರೆದೆ ಮಾವ?
"ಅವತ್ತು ಏನು ಪದಾರ್ಥ ಅಂತ ಕೇಳಿದೆ.
ಬಟಾಟೆ ಅಂತೆ."
ಕೊಡೆ ಎತ್ತಿದ. ಆ ಸಲ
ನಾಲ್ಕರ ನಂತರವೂ ಇಳಿಸಲು ಮರೆತ.

ಪಣಂಬೂರಿನ ಹೊರಗೆ ಲಂಗರು ಹಾಕಿದ ಹಡಗುಗಳು
ಸಂಜೆಯ ಗಾಳಿಗೆ ಒಟ್ಟಿಗೇ ಮೂತಿ ತಿರುಗಿಸುತ್ತವೆ,
ಕೆರೆಯಲ್ಲಿ ನಿಂತ ಕೋಣಗಳ ಹಾಗೆ.
ಅವಕ್ಕೂ ಡಿಗ್ರಿ ಹೇಳಹೊರಟರೆ ಗದರುತ್ತಾನೆ:
"ಕಟ್ಟಿ ಹಾಕಿದ್ದಕ್ಕೆ ಮುಖ ಉಂಟು, ದಾರಿ ಇಲ್ಲ. ಬಿಡು."

ಈಗ ಅವನ ಕಣ್ಣಿಗೆ ಪೊರೆ. ಆಪರೇಷನ್ ಬೇಡವಂತೆ.
ದುರ್ಬೀನನ್ನು ಸರಿಮಾಡಿ ನನಗೇ ಕೊಟ್ಟಿದ್ದಾನೆ.
ನಿನ್ನೆ ಕತ್ತಲಾದ ಮೇಲೆ ಮರಳಲ್ಲಿ ಕುರ್ಚಿ ಹಾಕಿಸಿ
ಎರಡೂ ಕೈ ಕೊಡೆಯ ಹಿಡಿಕೆಯ ಮೇಲಿಟ್ಟು
"ದೀಪ ಹೇಗುಂಟು?" ಎಂದ.

ಬಿಳಿ ಎರಡು, ಮಾವ.
"ಆಚೆ ಈಚೆಯಾ?"
ಒಂದರ ಮೇಲೊಂದು. ನೆಟ್ಟಗೆ.
ಅಲೆ ಬಂದು ಕುರ್ಚಿಯ ಕಾಲಡಿಯ ಮರಳನ್ನು
ಸ್ವಲ್ಪ ತಿಂದು ಹೋಯಿತು.
"ಕೆಳಗೆ? ಕೆಂಪಾ ಹಸುರಾ?"
ಎರಡೂ.

ಡಿಗ್ರಿ ಕೇಳಲಿಲ್ಲ.
ಎದ್ದ. ಕುರ್ಚಿಯನ್ನು ಒಂದು ಮೊಳ ಬದಿಗೆ ಎಳೆದು
ಮತ್ತೆ ಕುಳಿತ.