ಜಾರಿದ ಗೆರೆ

ನಗರ್ತಪೇಟೆಯ ಓಣಿಯಲ್ಲಿ ನನ್ನದು
ಮೊಣಕಾಲು ಮಡಚಿದರೆ ಮುಗಿದುಹೋಗುವ ಅಂಗಡಿ.
ಕೊಡ, ಚೊಂಬು, ಕುಕ್ಕರಿನ ಮುಚ್ಚಳ,
ಹೆಸರು ಕೊರೆಯುವುದು ಕಸುಬು, ಅಕ್ಷರಕ್ಕೆ ಇಷ್ಟು ಅಂತ.
'ಪ್ರೀತಿಯ ಕಾಣಿಕೆ' ಎಂದು ಸಾವಿರ ಸಲ ಕೊರೆದಿದ್ದೇನೆ,
ಯಾರದೋ ಪ್ರೀತಿ, ಯಾರಿಗೋ ಕಾಣಿಕೆ.

ರಿಚರ್ಡ್ಸ್ ಟೌನಿನ ಹೇಝಲ್ ಮೇಡಂ ಹೇಳಿಕಳಿಸಿದ್ದರು.
ಗಂಡ ಹೋಗಿ ವರ್ಷವಾಯಿತು,
ಲೈಸೆನ್ಸೂ ಅವರ ಹಿಂದೆಯೇ ಹೋಯಿತು.
ಸೋಮವಾರ ಠಾಣೆಗೆ ಒಪ್ಪಿಸಬೇಕು. ರಸೀದಿ ಕೊಡುತ್ತಾರೆ.
ಆಮೇಲೆ ಕರಗಿಸುತ್ತಾರೋ, ಮೂಲೆಗೆ ನಿಲ್ಲಿಸಿ
ತುಕ್ಕಿಗೆ ತಿನ್ನಿಸುತ್ತಾರೋ.
"ಅಷ್ಟರೊಳಗೆ ಅದರ ಚಿತ್ರ ಇಳಿಸಿಕೊಡಪ್ಪ.
ಫೋಟೋ ಬೇಡ, ಫೋಟೋದಲ್ಲಿ ಬರೀ ಹೊಳಪು ಬರುತ್ತೆ."

ಊಟದ ಮೇಜಿನ ಮೇಲೆ, ಹಳೇ ಬೆಡ್‌ಶೀಟಿನಲ್ಲಿ,
ಎಣ್ಣೆ ನೀರು ಹಾಕಿದ ಕೂಸಿನ ಹಾಗೆ ಮಲಗಿತ್ತು.
ಮೂರು ನಳಿಗೆ. ಮೇಲೆರಡು ಅಕ್ಕಪಕ್ಕ, ಚರೆಗೆ;
ಕೆಳಗೊಂದು ಸಣ್ಣದು, ಒಂಟಿ ಗುಂಡಿಗೆ.
ಆ ದೇಶದಲ್ಲಿ ಇದಕ್ಕೆ 'ತ್ರಿವಳಿ' ಅನ್ನುತ್ತಾರಂತೆ.
ಹಕ್ಕಿಗೂ ಹಂದಿಗೂ ಒಂದೇ ಹೆಗಲು.
ಯಜಮಾನರು ಒಂದು ದಿನವೂ ಹಾರಿಸಿದವರಲ್ಲ,
ಭಾನುವಾರ ಚರ್ಚಿನಿಂದ ಬಂದು ಒರೆಸಿಡುತ್ತಿದ್ದರಂತೆ.

ನಳಿಗೆಗಳ ನಡುವಿನ ಪಟ್ಟಿಯಲ್ಲಿ ಅಕ್ಷರ.
ಮೇಡಂ ಓದಿದರು: ಎಮಿಲ್ ಕ್ರೌಟ್‌ಹೈಮ್, ಝೂಲ್.
"ಇದನ್ನ ಮಾಡಿದವನು."
"ಮಾಡಿದವನು ಸರಿ ತಾಯಿ, ಕೊರೆದವನು?"
ಅವರಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ.

ಭೂತಗನ್ನಡಿ ಕಣ್ಣಿಗೇರಿಸಿದೆ.
ಎಡಗಡೆ ಕವಲುಗೊಂಬಿನ ಜಿಂಕೆ, ಕುತ್ತಿಗೆ ಚಾಚಿ ಓಟ;
ಬಲಗಡೆ ಹಂದಿ, ಬೆನ್ನಿಗೆ ಎರಡು ನಾಯಿ.
ನಾನು ಕಾಣದ ಮರದ ಎಲೆಗಳು, ಅಂಚೆಲ್ಲ ಅಲೆಅಲೆ.
ಹಂದಿಯ ಕೂದಲು ಒಂದೊಂದೂ
ಉಸಿರು ಹಿಡಿದು ಎಳೆದದ್ದು.
ಆ ಉಸಿರು ನನಗೆ ಗೊತ್ತು.
ಮಿಷನ್ನು ಬರುವ ಮುಂಚೆ, ಅಪ್ಪ ಚಾಣ ಹಿಡಿದು ಕೂತಾಗ
ಓಣಿಯಲ್ಲಿ ಕೈಗಾಡಿ ಹಾದರೆ
ಅದು ತಿರುವು ದಾಟುವವರೆಗೂ ಬಿಡುತ್ತಿರಲಿಲ್ಲ ಅಂಥದ್ದನ್ನು.

ಆಗ ಕಂಡಿತು.
ಹಿಂದಿನ ನಾಯಿಯ ಹೊಟ್ಟೆಯ ಕೆಳಗೆ ಒಂದು ಹುಲ್ಲಿನ ಎಸಳು.
ಸುತ್ತ ಎಲ್ಲೂ ಹುಲ್ಲಿಲ್ಲ.
ಎಲೆಗಳೆಲ್ಲ ಅತ್ತ ಬಾಗಿದ್ದರೆ ಇದೊಂದು ಇತ್ತ,
ಬುಡ ಬೇಕಾದ್ದಕ್ಕಿಂತ ಆಳ.

ಕಳ್ಳ! ನಿನ್ನ ಕೈ ಜಾರಿದೆ.
ಕೆಮ್ಮು ಬಂತೋ, ಮನೆಯಲ್ಲಿ ಮಗುವಿಗೆ ಜ್ವರವೋ,
ಕ್ರೌಟ್‌ಹೈಮ್ ಸಾಹೇಬ ಬೆನ್ನ ಹಿಂದೆ ಬಂದು ನಿಂತನೋ.
ಉಕ್ಕಿನ ಮೇಲೆ ಅಳಿಸಲು ಬರುವುದಿಲ್ಲ.
ಜಾರಿದ ಗೆರೆಗೆ ಇನ್ನೆರಡು ಗೆರೆ ಕೂಡಿಸಿ
ಹುಲ್ಲು ಬೆಳೆಸಿಬಿಟ್ಟಿದ್ದೀಯ.
ನಾನೂ ಅಷ್ಟೆ ಮಾರಾಯ: ಚಿಕ್ಕಲಿಂಗಮ್ಮನ ಕೊಡದಲ್ಲಿ
ಒತ್ತಕ್ಷರ ಜಾರಿ, ಅದಕ್ಕೊಂದು ಬಳ್ಳಿ ಹಬ್ಬಿಸಿ,
"ಹೂವಿಗೆ ಕಾಸು ಬೇಡಮ್ಮ" ಅಂದಿದ್ದೆ.
ಆಕೆ ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ದೀಪದ ಮಸಿಗೆ ಎಣ್ಣೆ ಬೆರೆಸಿ ಸವರಿದೆ.
ಅಂಗೈಯಲ್ಲಿ ಒರೆಸಿದೆ, ಗೆರೆಯೊಳಗೆ ಮಾತ್ರ ಕಪ್ಪು ನಿಂತಿತು.
ತೆಳ್ಳನೆ ಕಾಗದ ಹೊದಿಸಿ, ಚಮಚದ ಬೆನ್ನಲ್ಲಿ ಉಜ್ಜಿ
ಎತ್ತಿದರೆ
ಎಲ್ಲ ತಿರುಗಿತ್ತು.
ನಳಿಗೆಯ ಬಾಯತ್ತ ಓಡುತ್ತಿದ್ದ ಜಿಂಕೆ
ಕಾಗದದಲ್ಲಿ ಮೈ ಹೊರಳಿಸಿ ಮನೆ ಕಡೆಗೆ.
ಸಾಹೇಬನ ಹೆಸರು ಕನ್ನಡಿಯಕ್ಷರ, ಓದಲಾಗದು.
ಹುಲ್ಲು ಮಾತ್ರ ಎತ್ತಲಿಂದ ನೋಡಿದರೂ ಹುಲ್ಲೇ.

"ಎಷ್ಟಾಯಿತು?" ಮೇಡಂ ಪರ್ಸು ತೆಗೆದರು.
ಅಕ್ಷರ ಕೊರೆದಿಲ್ಲವಲ್ಲ, ಲೆಕ್ಕ ಹತ್ತಲಿಲ್ಲ.
ಟೀ ಕುಡಿದೆ. ಕೈಮಸಿ ಅವರ ಬಸಿಯಂಚಿಗೆ ಹತ್ತಿತು,
ತೊಳೆಯಲು ಹೋದರೆ ಬೇಡವೆಂದರು.

ಸೋಮವಾರ. ಹನ್ನೊಂದು ಗಂಟೆಗೆ ರಸೀದಿ ಬರೆಯುತ್ತಿರಬೇಕು.
ನನ್ನೆದುರು ಕುಕ್ಕರಿನ ಮುಚ್ಚಳ, ಗೃಹಪ್ರವೇಶದ ತಾರೀಕು.
ಕೈ ಜಾರಲಿಲ್ಲ, ದೇವರಾಣೆ.
ಆದರೂ ಗಿರಾಕಿ ಬೆಳಕಿಗೆ ಹಿಡಿದು ರೇಗಿದ:
"ಏನ್ರೀ ಇದು, ಮೂಲೇಲಿ ಗೀಟು?"
"ಹುಲ್ಲು ಸಾರ್."
"ಯಾರು ಕೇಳಿದ್ರು? ಅಳಿಸ್ರಿ."
"ಅದಾಗಲ್ಲ ಸಾರ್," ಅಂದೆ.